ಗೋಡೆ ಮೇಲಿನ ಮೌಲ್ಯ, ಶುಕ್ರವಾರದ ಟೈಮ್‌ಶೀಟ್



ನಾನು ಹನ್ನೊಂದು ವರ್ಷದಿಂದ ಪುಣೆಯಲ್ಲಿದ್ದೀನಿ. ಎಂ.ಟೆಕ್ ಮುಗಿಸಿ ಬಂದವನು, ಇಲ್ಲಿವರೆಗೆ ಎರಡು ಕನ್ಸಲ್ಟಿಂಗ್ ಕಂಪನಿಗಳಲ್ಲಿ ಕೆಲಸ ಮಾಡಿದ್ದೀನಿ. ಇವತ್ತಿನ ವಿಷಯ ಕೇಳಿದ್ರೆ ಕೆಲವರಿಗೆ ಆಕಳಿಕೆ ಬರಬಹುದು: ಕಂಪನಿಯ ಮೌಲ್ಯಗಳು. ಇಂಡಕ್ಷನ್ ದಿನ ಎಚ್‌ಆರ್ ಅವರು ಸ್ಲೈಡ್ ಹಾಕಿ ತೋರಿಸ್ತಾರಲ್ಲ, ಪ್ರಾಮಾಣಿಕತೆ, ಪರಸ್ಪರ ಗೌರವ, ಗ್ರಾಹಕರೇ ಮೊದಲು ಅಂತ, ಅದೇ. ಆಮೇಲೆ ಅದು ಐಡಿ ಕಾರ್ಡ್ ಹಿಂಭಾಗಕ್ಕೆ, ಲಿಫ್ಟ್ ಪಕ್ಕದ ಗೋಡೆಗೆ ಹೋಗುತ್ತೆ. ಹೈದರಾಬಾದಿನ ಒಂದು ಆಫೀಸಿನ ಗೋಡೆಯಿಂದ ಆ ಬೋರ್ಡ್ ಬಿಚ್ಚಿ ಚೆನ್ನೈನ ಇನ್ನೊಂದು ಕಂಪನಿಯ ಗೋಡೆಗೆ ಹಾಕಿದ್ರೂ ಯಾರಿಗೂ ಗೊತ್ತಾಗೋದಿಲ್ಲ.

ಹಾಗಾದ್ರೆ ಒಂದು ಕಂಪನಿಯ ನಿಜವಾದ ಮೌಲ್ಯ ಎಲ್ಲಿ ಕಾಣುತ್ತೆ? ನನ್ನ ಉತ್ತರ ತುಂಬ ಸಣ್ಣದು. ಶುಕ್ರವಾರ ಸಂಜೆ ನಾವೆಲ್ಲ ಬೈಕೊಂಡು ತುಂಬ್ತೀವಲ್ಲ, ಆ ಟೈಮ್‌ಶೀಟ್‌ನಲ್ಲಿ.

ಯಾಕೆ ಅಂತ ಹೇಳ್ತೀನಿ. ಸೋಪಿನ ಕಂಪನಿ ಸೋಪು ಮಾರುತ್ತೆ. ಕನ್ಸಲ್ಟಿಂಗ್ ಕಂಪನಿ ಮಾರೋದು ನಮ್ಮ ಗಂಟೆಗಳನ್ನ. ಟೈಮ್ ಅಂಡ್ ಮೆಟೀರಿಯಲ್ ಕರಾರಾದ್ರೆ ಇಷ್ಟು ಜನ, ಇಷ್ಟು ಗಂಟೆ, ಗಂಟೆಗೆ ಇಷ್ಟು ಡಾಲರ್. ನಾನು ತುಂಬಿದ ಸಾಲನ್ನ ಮ್ಯಾನೇಜರ್ ಅಪ್ರೂವ್ ಮಾಡ್ತಾರೆ, ಅದು ಬಿಲ್ಲಿಂಗ್‌ಗೆ ಹೋಗುತ್ತೆ, ಬಿಲ್ಲಿಂಗ್‌ನಿಂದ ಇನ್‌ವಾಯ್ಸ್, ಇನ್‌ವಾಯ್ಸ್‌ನಿಂದ ಕಂಪನಿಯ ಆದಾಯ, ಕೊನೆಗೆ ಬ್ಯಾಲೆನ್ಸ್ ಶೀಟ್. ಸೋಪನ್ನ ಗ್ರಾಹಕ ಕೈಯಲ್ಲಿ ಹಿಡಿದು ನೋಡಬಹುದು. ನನ್ನ ಗಂಟೆಯನ್ನ ಅವನು ನೋಡೋಕಾಗಲ್ಲ, ನಂಬಬೇಕು ಅಷ್ಟೇ. ಹಾಗಾಗಿ ನಮ್ಮ ಧಂದೆಯ ಬುನಾದಿಯೇ ಆ ಸಾಲು.

ಈ ಸರಪಳಿ ಮುರಿದ್ರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗ್ಬೇಕಾಗಿಲ್ಲ. ಹೈದರಾಬಾದಿನಲ್ಲಿರೋರಿಗೆ ಗೊತ್ತೇ ಇದೆ: ಸತ್ಯಂ. ಹೆಸರೇ ಸತ್ಯಂ. 2008ರ ಸೆಪ್ಟೆಂಬರ್‌ನಲ್ಲಿ ಒಳ್ಳೆ ಆಡಳಿತಕ್ಕೆ ಅಂತ ಗೋಲ್ಡನ್ ಪೀಕಾಕ್ ಪ್ರಶಸ್ತಿನೂ ಬಂತು. ನಾಲ್ಕು ತಿಂಗಳೂ ಕಳೀಲಿಲ್ಲ, 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಆಡಳಿತ ಮಂಡಳಿಗೆ ಪತ್ರ ಬರೆದು ಲೆಕ್ಕವೇ ಸುಳ್ಳು ಅಂತ ಒಪ್ಪಿಕೊಂಡ್ರು. ನಗದು ಮತ್ತು ಬ್ಯಾಂಕ್ ಶಿಲ್ಕು ಅಂತ ತೋರಿಸಿದ್ದರಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ತನಿಖೆ ಮಾಡಿದ ಸಿಬಿಐಗೆ 7,000ಕ್ಕೂ ಹೆಚ್ಚು ನಕಲಿ ಇನ್‌ವಾಯ್ಸ್ ಸಿಕ್ಕವು.

ನಮ್ಮಂಥ ಎಂಜಿನಿಯರ್‌ಗಳು ಗಮನಿಸಬೇಕಾದ್ದು ಆ ಇನ್‌ವಾಯ್ಸ್ ಹುಟ್ಟಿದ ರೀತಿ. ಸರಿಯಾದ ಇನ್‌ವಾಯ್ಸ್‌ಗೆ ಹಿಂದೆ ಒಂದು ಪ್ರಾಜೆಕ್ಟ್ ಇರ್ಬೇಕು, ಟೈಮ್‌ಶೀಟ್ ಇರ್ಬೇಕು, ಬಿಲ್ಲಿಂಗ್ ಇರ್ಬೇಕು. ನಕಲಿಗಳಿಗೆ ಹಿಂದೆ ಅಂಥ ದಾಖಲೆ ಏನೂ ಇರಲಿಲ್ಲ. ನೇರವಾಗಿ ಇನ್‌ವಾಯ್ಸ್ ಸಿಸ್ಟಂ ಒಳಗೆ ತುರುಕಿ, ಬೇರೆಯವರ ಕಣ್ಣಿಗೆ ಬೀಳದ ಹಾಗೆ ಮುಚ್ಚಿಟ್ಟಿದ್ರು. ಅಂದ್ರೆ ಮನುಷ್ಯ ಕೂತು ಕೆಲಸ ಮಾಡಿದ ಗಂಟೆಯೇ ಇಲ್ಲದ ಬಿಲ್ಲು.

ಇದೇ ಕತೆಯ ಇನ್ನೊಂದು ಮುಖವನ್ನ ನಾವು ಮರೀತೀವಿ. ಆ ದಿನ ಅಲ್ಲಿ ಸುಮಾರು 50,000 ಜನ ಕೆಲಸ ಮಾಡ್ತಿದ್ರು. ಮುಂದಿನ ಸಂಬಳ ಬರುತ್ತೋ ಇಲ್ವೋ ಗೊತ್ತಿಲ್ಲ. ಮಾರನೇ ದಿನ ಅವರಲ್ಲಿ ಬಹುಪಾಲು ಜನ ಬಂದು ಲಾಗಿನ್ ಆದ್ರು, ಗ್ರಾಹಕರ ಸಿಸ್ಟಂಗಳು ನಡೀತಾನೇ ಇದ್ವು. ಸರ್ಕಾರ ಹೊಸ ಆಡಳಿತ ಮಂಡಳಿ ನೇಮಿಸ್ತು, ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರಾ ಕಂಪನಿಯನ್ನ ಕೊಂಡ್ಕೊಳ್ತು. ಕೊಳ್ಳೋಕೆ ಅಲ್ಲಿ ಉಳಿದಿದ್ದಾದ್ರೂ ಏನು? ಆ ಜನ, ಅವರನ್ನ ನಂಬಿಕೊಂಡಿದ್ದ ಗ್ರಾಹಕರು. ಪ್ರಶಸ್ತಿ ತಗೊಂಡ ಮೇಲಿನ ಮಹಡಿಯಲ್ಲಿ ಮೌಲ್ಯ ಇರಲಿಲ್ಲ, ಕ್ಯುಬಿಕಲ್‌ಗಳಲ್ಲಿ ಇತ್ತು.

ಹಾಗಂತ ಮೇಲಿನವರೆಲ್ಲ ಹೀಗೇ ಅಂತ ನಾನು ಹೇಳ್ತಿಲ್ಲ. ಇನ್ನೊಂದು ಉದಾಹರಣೆ ತಗೊಳ್ಳಿ. ಇನ್ಫೋಸಿಸ್‌ನ ನಾರಾಯಣಮೂರ್ತಿಯವರು 2007ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಒಂದು ಭಾಷಣದಲ್ಲಿ ಹೇಳಿದ ಘಟನೆ. 1995ರಲ್ಲಿ ಒಬ್ಬ ದೊಡ್ಡ ಗ್ರಾಹಕ ಬೆಂಗಳೂರಿನ ಹೋಟೆಲಿನಲ್ಲಿ ಭಾರತದ ತನ್ನ ಸಾಫ್ಟ್‌ವೇರ್ ಕಂಪನಿಗಳನ್ನೆಲ್ಲ ಬೇರೆಬೇರೆ ರೂಮಿನಲ್ಲಿ ಕೂರಿಸಿ ದರ ಇಳಿಸಿ ಅಂತ ಹಿಡಿದ. ಇನ್ಫೋಸಿಸ್ ಆದಾಯದಲ್ಲಿ ಶೇ. 25ರಷ್ಟು ಅವನೊಬ್ಬನಿಂದಲೇ ಬರ್ತಿತ್ತು. ಆದ್ರೂ ಇವರು ಆಗಲ್ಲ ಅಂದ್ರು. ಈಗ ಒಪ್ಪಿಕೊಂಡು ಮುಂದೆ ಕೈಕೊಡೋದಕ್ಕಿಂತ, ನೀವು ಹೇಳಿದವರಿಗೆ ಕೆಲಸ ಅಚ್ಚುಕಟ್ಟಾಗಿ ವಹಿಸಿಕೊಡ್ತೀವಿ ಅಂದ್ರು. ಆಮೇಲೆ ಯಾವ ಒಬ್ಬ ಗ್ರಾಹಕನ ಮೇಲೂ ಅಷ್ಟೊಂದು ಅವಲಂಬಿಸಬಾರದು ಅಂತ ಒಳಗೆ ವ್ಯವಸ್ಥೆ ಮಾಡ್ಕೊಂಡ್ರು. ನನಗೆ ಇಲ್ಲಿ ಹಿಡಿಸೋದು ಆ ಶೇ. 25. ಕಾಸು ಕಳ್ಕೊಳ್ಳೋಕೆ ತಯಾರಿದ್ದಾಗ ಮಾತ್ರ ಮೌಲ್ಯ ಅನ್ನೋದು ಪರೀಕ್ಷೆಗೆ ಬೀಳುತ್ತೆ.

ಇವೆಲ್ಲ ದೊಡ್ಡವರ ಕತೆ ಆಯ್ತು. ನಮ್ಮ ಟೀಮಿನ ಮಟ್ಟಕ್ಕೆ ಬರೋಣ.

ನನ್ನ ಮೊದಲ ಕಂಪನಿಯಲ್ಲಿ ಜೊತೆಗಿದ್ದ ಒಬ್ಬ ಹುಡುಗನಿಗೆ ಎರಡು ವರ್ಷದ ಅನುಭವ. ಗ್ರಾಹಕರಿಗೆ ಕಳಿಸೋ ಪ್ರೊಫೈಲ್‌ನಲ್ಲಿ ಅದು ಐದು ವರ್ಷ ಆಯ್ತು, ಯಾಕಂದ್ರೆ ಐದು ವರ್ಷದವನಿಗೆ ದರ ಜಾಸ್ತಿ. ತಿದ್ದಿದ್ದು ಅವನಲ್ಲ. ಗ್ರಾಹಕರ ಇಂಟರ್‌ವ್ಯೂನಲ್ಲಿ ಸಿಕ್ಕಿಬಿದ್ದ. ಮರುದಿನ ಬಂದ ಮೇಲ್‌ನಲ್ಲಿ ಇದ್ದಿದ್ದು ಒಂದೇ ಹೆಸರು, ಅವನದು. ಕಾರಣ, ಪ್ರಾಮಾಣಿಕತೆಯ ನಿಯಮ ಮುರಿದದ್ದು. ಗೋಡೆ ಮೇಲಿನ ಪದ ಮೊದಲ ಸಲ ಬಳಕೆಗೆ ಬಂದದ್ದು ಅವನನ್ನ ಹೊರಗೆ ಹಾಕೋಕೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಇಲ್ಲಿ ಬದನೆಕಾಯಿ ತಿಂದವರು ಬೇರೆ, ಪ್ರಾಯಶ್ಚಿತ್ತ ಮಾಡ್ಕೊಂಡವನು ಬೇರೆ.

ಎರಡನೇ ಕಂಪನಿಯಲ್ಲಿ ಹೆಚ್ಚುಕಡಿಮೆ ಇದೇ ಸಂದರ್ಭ ಬಂತು. ಕಲಬುರಗಿ ಕಡೆಯ ಹುಡುಗಿ, ಮೂರು ತಿಂಗಳಿಂದ ಬೆಂಚ್‌ನಲ್ಲಿದ್ದಳು. ಮನೆಯಲ್ಲಿ ತಮ್ಮನ ಓದು, ಅಪ್ಪನ ಸಾಲ. ಪ್ರೊಫೈಲ್‌ನಲ್ಲಿ ವರ್ಷ ಏರಿಸಿದ್ರೆ ಸೋಮವಾರದಿಂದ ಪ್ರಾಜೆಕ್ಟ್. ಕ್ಯಾಂಟೀನಿನಲ್ಲಿ ಚಹಾ ಹಿಡ್ಕೊಂಡು ಬಂದು ಕೇಳಿದಳು, "ಅಣ್ಣಾ, ಕಾಲ್‌ದಾಗ ಕೇಳಿದ್ರ ನಾ ಏನ್ ಹೇಳ್ಲಿ?" ಇದ್ದದ್ದನ್ನೇ ಹೇಳಮ್ಮ ಅಂದೆ. ಆದ್ರೆ ಹಾಗಂದು ಸುಮ್ನೆ ಕೂತ್ರೆ ಬೆಲೆ ಕೊಡೋಳು ಅವಳು. ಅದಕ್ಕೆ ನಾನೇ ಡೆಲಿವರಿ ಹೆಡ್ ಹತ್ರ ಹೋದೆ. ಅವರು ಮರಾಠಿಯವರು, ಕಟ್ಟುನಿಟ್ಟು. ಪ್ರೊಫೈಲ್ ನೋಡಿದ್ರು, ಅಳಿಸಿದ್ರು. ಗ್ರಾಹಕರಿಗೆ ಫೋನ್ ಮಾಡಿ, ನಮ್ಮಲ್ಲಿರೋದು ಎರಡು ವರ್ಷದ ಹುಡುಗಿ, ದರ ಕಡಿಮೆ ಹಾಕ್ತೀವಿ, ಜೊತೆಗೆ ಒಬ್ಬ ಸೀನಿಯರ್ ಇರ್ತಾರೆ ಅಂದ್ರು.

ಗ್ರಾಹಕರು ಅವಳನ್ನ ತಗೊಂಡ್ರು. ಆದ್ರೆ ಕೇಳಿದ್ದ ಇನ್ನೊಂದು ಜಾಗವನ್ನ ಬೇರೆ ಕಂಪನಿಗೆ ಕೊಟ್ಟರು. ಆ ತ್ರೈಮಾಸಿಕ ನಮ್ಮ ಅಕೌಂಟ್‌ನ ಲಾಭ ಇಳೀತು, ನನ್ನ ವೇರಿಯಬಲ್ ಪೇನೂ ಇಳೀತು. ಆ ಹಣ ವಾಪಸ್ ಬರಲಿಲ್ಲ, ಬರುತ್ತೆ ಅಂತ ಯಾರೂ ಹೇಳಿರಲೂ ಇಲ್ಲ. ಈಗ ಯೋಚಿಸಿ. ಎರಡೂ ಕಂಪನಿಯ ಗೋಡೆ ಮೇಲಿನ ಪದ ಒಂದೇ. ಬೆಲೆ ಯಾರು ಕೊಟ್ಟರು ಅನ್ನೋದರಲ್ಲಿ ವ್ಯತ್ಯಾಸ. ಒಂದು ಕಡೆ ತೀರಾ ಕೆಳಗಿನವನು, ಇನ್ನೊಂದು ಕಡೆ ಸಂಬಳ ಜಾಸ್ತಿ ಇರೋರು.

ಇನ್ನೊಂದು ಸುಳ್ಳು ಇದೆ, ಅದನ್ನ ನಾವು ಸುಳ್ಳು ಅಂತಾನೇ ಅಂದ್ಕೊಳ್ಳಲ್ಲ. ಹನ್ನೆರಡು ಗಂಟೆ ದುಡಿದು ಎಂಟು ಗಂಟೆ ಅಂತ ಬರೆಯೋದು. ಕೇಳಿದ್ರೆ ಬಜೆಟ್ ಇಲ್ಲ ಅಂತಾರೆ. ಫಿಕ್ಸೆಡ್ ಪ್ರೈಸ್ ಕರಾರಿನಲ್ಲಿ ಇದು ಇನ್ನೂ ಜಾಸ್ತಿ, ಯಾಕಂದ್ರೆ ಒಪ್ಪಿಕೊಂಡ ಮೊತ್ತದ ಮೇಲೆ ಹೋದ ಗಂಟೆ ಕಂಪನಿಯ ನಷ್ಟ. ಆದ್ರೆ ಮುಂದಿನ ಪ್ರಾಜೆಕ್ಟ್‌ನ ಎಸ್ಟಿಮೇಟ್ ಮಾಡೋರು ಹಳೇ ಪ್ರಾಜೆಕ್ಟ್‌ನ ಟೈಮ್‌ಶೀಟ್ ನೋಡಿಯೇ ಮಾಡ್ತಾರೆ. ಅಲ್ಲಿ ಎಂಟು ಅಂತಿದೆ. ಹಾಗಾಗಿ ಮುಂದಿನ ಟೀಮಿಗೂ ಎಂಟೇ ಸಿಗುತ್ತೆ, ಅವರೂ ಹನ್ನೆರಡು ದುಡೀತಾರೆ. ನಾವು ಬರೆಯದೇ ಬಿಟ್ಟ ನಾಲ್ಕು ಗಂಟೆ ಮುಂದಿನವರ ಭಾನುವಾರ ಆಗುತ್ತೆ. ಕೆಲಸದ ಸಂಸ್ಕೃತಿ ಕೆಟ್ಟಿದೆ ಅಂತ ನಾವು ಗೊಣಗೋದರ ಅರ್ಧ ಕಾರಣ ಇಲ್ಲೇ ಇದೆ.

ಊರು ಬಿಟ್ಟು ಬಂದಿರೋ ನಮಗೆ ಇಲ್ಲ ಅನ್ನೋದು ಸುಲಭ ಅಲ್ಲ, ನನಗೂ ಗೊತ್ತು. ಪಿಜಿ ಬಾಡಿಗೆ, ಊರಿಗೆ ಕಳಿಸೋ ದುಡ್ಡು, ಗೃಹಸಾಲದ ಇಎಂಐ. ಕೆಲಸ ಹೋದ್ರೆ ಪಕ್ಕದ ಬೀದಿಯಲ್ಲಿ ಚಿಕ್ಕಪ್ಪನ ಮನೆ ಇಲ್ಲ. ಹಾಗಾಗಿ ಎರಡು ವರ್ಷದ ಅನುಭವದ ಹುಡುಗ ಹುಡುಗಿಯರಿಗೆ ನೀವು ಎದ್ದು ನಿಂತು ವಿರೋಧಿಸಿ ಅಂತ ನಾನು ಉಪದೇಶ ಮಾಡಲ್ಲ. ಅವರಿಗೆ ಹೇಳೋದು ಇಷ್ಟೇ: ಕಂಪನಿ ಬದಲಾಯಿಸೋವಾಗ ಇಂಟರ್‌ವ್ಯೂ ಕೊನೆಯಲ್ಲಿ "ನಿಮ್ಮದೇನಾದ್ರೂ ಪ್ರಶ್ನೆ ಇದೆಯಾ" ಅಂತಾರಲ್ಲ, ಆಗ ಮೂರು ಪ್ರಶ್ನೆ ಕೇಳಿ. ಹೆಚ್ಚುವರಿ ಗಂಟೆಗಳನ್ನ ಟೈಮ್‌ಶೀಟ್‌ನಲ್ಲಿ ಬರೆಯೋಕೆ ಬಿಡ್ತೀರಾ? ಬೆಂಚ್‌ನಲ್ಲಿ ಎಷ್ಟು ದಿನ ಇಟ್ಕೊಳ್ತೀರಿ? ಗ್ರಾಹಕರಿಗೆ ಕೊನೇ ಸಲ ಆಗಲ್ಲ ಅಂದಿದ್ದು ಯಾವಾಗ? ಮೂರನೇದಕ್ಕೆ ತಕ್ಷಣ ಒಂದು ಘಟನೆ ಹೇಳಿದ್ರೆ ಒಳ್ಳೇದು. ಮತ್ತೆ ಸ್ಲೈಡ್‌ನ ಪದಗಳನ್ನೇ ಹೇಳಿದ್ರೆ ನಿಮಗೆ ಉತ್ತರ ಸಿಕ್ಕಿತು ಅಂತಾನೇ ಅರ್ಥ.

ಉಳಿದ ಮಾತು ನನ್ನ ವಯಸ್ಸಿನವರಿಗೆ, ಲೀಡ್, ಮ್ಯಾನೇಜರ್, ಆರ್ಕಿಟೆಕ್ಟ್ ಆಗಿರೋರಿಗೆ. ಟೈಮ್‌ಶೀಟ್ ಅಪ್ರೂವ್ ಮಾಡೋ ಬಟನ್ ಈಗ ನಮ್ಮ ಕೈಯಲ್ಲಿದೆ. ಈ ಶುಕ್ರವಾರ ಅದನ್ನ ಒತ್ತೋ ಮೊದಲು ಟೀಮಿನ ಒಬ್ಬರನ್ನಾದ್ರೂ ಕರೆದು ಕೇಳಿ, ನಿಜವಾಗ್ಲೂ ಎಷ್ಟು ಗಂಟೆ ಆಯ್ತು ಅಂತ. ಅವರು ಹೇಳಿದ್ದನ್ನೇ ಬರೆಯೋಕೆ ಹೇಳಿ. ಮೇಲಿನವರು ಕೇಳಿದ್ರೆ ಉತ್ತರ ನೀವು ಕೊಡಿ.