ನಾಟಕ ಕಲಿತ ಸೀಮೆಗೆ ಇಂಗ್ಲಿಷ್ ಕಷ್ಟವೇ?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯ ಮೊದಲ ತಂಡಗಳಲ್ಲಿ ಓದಿದವನು ನಾನು. ಆಮೇಲೆ ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದೆ. ಇವತ್ತು ಒಂದೇ ವಿಷಯ ಹೇಳಿ ಕುಳಿತುಕೊಳ್ಳುತ್ತೇನೆ: ಟೀವಿ ನಾಟಕದ ದೃಶ್ಯಗಳಿಂದ ಇಂಗ್ಲಿಷ್ ಮಾತು ಕಲಿಯುವುದು.

ಇದು ಯಾಕೆ ಮುಖ್ಯ? ಇಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದ ಮಕ್ಕಳು ಮಂಡ್ಯದಲ್ಲೋ ಮದ್ದೂರಿನಲ್ಲೋ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾರೆ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಪುಸ್ತಕದಲ್ಲಿ ಕಂಡರೆ ಗುರುತು ಸಿಗುವ ಪದ ಕಿವಿಗೆ ಬಿದ್ದಾಗ ಗುರುತು ಸಿಗುವುದಿಲ್ಲ. ತಿಳಿಯಲಿಲ್ಲ ಎಂದು ಕೇಳಲು ಬಾಯಿ ಬರುವುದಿಲ್ಲ. ಎರಡು ತಿಂಗಳು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತು, 'ಸೈನ್ಸು ನನ್ ತಲೆಗೆ ಹತ್ತಲ್ಲ ಸಾ' ಎಂದು ಊರಿಗೆ ವಾಪಸಾದ ಮಕ್ಕಳನ್ನು ನಾನು ಕಂಡಿದ್ದೇನೆ. ತಲೆ ಇದ್ದ ಮಕ್ಕಳೇ ಅವರು. ಕಿವಿಗೆ ಅಭ್ಯಾಸ ಇರಲಿಲ್ಲ, ಅಷ್ಟೆ.

ಕಿವಿಯ ಅಭ್ಯಾಸ ಎಂದರೇನೆಂದು ನಮ್ಮ ಮಂಡ್ಯ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಬ್ಬಕ್ಕೋ ಜಾತ್ರೆಗೋ 'ಕುರುಕ್ಷೇತ್ರ' ನಾಟಕ ಆಡುವ ಊರುಗಳು ನಮ್ಮವು. ಗದ್ದೆಗೆ ನೀರು ಕಟ್ಟಿ, ಕಬ್ಬು ಕಡಿದು ಬಂದ ರೈತ ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ದುರ್ಯೋಧನನ ಮಾತು ಕಲಿಯುತ್ತಾನೆ. ಮನೆಯಲ್ಲಿ 'ಬತ್ತೀನಿ, ಓಯ್ತೀನಿ' ಅನ್ನುವವನು ರಂಗದ ಮೇಲೆ ಗ್ರಾಂಥಿಕ ಕನ್ನಡವನ್ನು ತಡವರಿಸದೆ ಹೇಳುತ್ತಾನೆ. ಅಕ್ಷರ ಬಾರದವರೂ ಹೀಗೆ ಕಲಿತಿದ್ದಾರೆ. ಮೇಷ್ಟ್ರು ಹೇಳಿದ್ದನ್ನು ಕೇಳಿ, ಅದೇ ಏರಿಳಿತದಲ್ಲಿ ತಿಂಗಳುಗಟ್ಟಲೆ ಹೇಳಿದ್ದರ ಫಲ ಅದು. ಇಂಗ್ಲಿಷ್ ಮಾತಿಗೂ ದಾರಿ ಇದೇ. ಮೇಷ್ಟ್ರ ಜಾಗದಲ್ಲಿ ಟೀವಿಯೋ ಮೊಬೈಲೋ ಇರುತ್ತದೆ.

ಯಾವ ನಾಟಕ ನೋಡಬೇಕು? ಮೊದಲಿಗೆ ನಮ್ಮ ನೆಲದ 'ಮಾಲ್ಗುಡಿ ಡೇಸ್' ಸಾಕು. ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕೆ ತಂದರು. ಚಿತ್ರೀಕರಣ ಹೆಚ್ಚಾಗಿ ಆಗುಂಬೆಯಲ್ಲಿ. ಹಿಂದಿಯ ಜೊತೆಗೆ ಮೊದಲ ಕಂತುಗಳನ್ನು ಇಂಗ್ಲಿಷಿನಲ್ಲೂ ತೆಗೆದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್. ಸ್ವಾಮಿ 1935ರಲ್ಲಿ ಬಂದ ಕಾದಂಬರಿಯ ಹುಡುಗ. ಆದರೂ ಶಾಲೆ, ಬೆತ್ತ, ಕ್ರಿಕೆಟ್ಟು, ಅಜ್ಜಿ ಎಲ್ಲವೂ ನಮಗೆ ಗೊತ್ತಿರುವ ಲೋಕ. ಸನ್ನಿವೇಶ ಗೊತ್ತಿದ್ದರೆ ಮಾತಿನ ಅರ್ಧ ಅರ್ಥ ಆಗಲೇ ಸಿಕ್ಕಿರುತ್ತದೆ. ಅದು ಪಳಗಿದ ಮೇಲೆ ಹೊರದೇಶದ ನಾಟಕಗಳಿಗೆ ಹೋಗಬಹುದು.

ಕ್ರಮ ಹೇಳುತ್ತೇನೆ, ಮಕ್ಕಳು ಗಮನಿಸಿ. ಎರಡು ನಿಮಿಷದ ಒಂದೇ ದೃಶ್ಯ ಆರಿಸಿಕೊಳ್ಳಿ. ಮೊದಲ ಸಲ ಸದ್ದು ತೆಗೆದು ನೋಡಿ, ಯಾರು ಯಾರಿಗೆ ಏನು ಹೇಳುತ್ತಿರಬಹುದೆಂದು ಊಹಿಸಿ. ಎರಡನೆಯ ಸಲ ಸದ್ದು ಕೊಟ್ಟು ಕೇಳಿ. ಮೂರನೆಯ ಸಲ ಒಂದೊಂದು ಮಾತಿಗೂ ನಿಲ್ಲಿಸಿ, ಅದೇ ಧಾಟಿಯಲ್ಲಿ ಹೇಳಿ. ಐದೇ ಐದು ಮಾತು ಬರೆದುಕೊಳ್ಳಿ, ಬಿಡಿ ಪದ ಬೇಡ, ಪೂರ್ತಿ ಮಾತು. ಕೊನೆಗೆ ಇಬ್ಬರು ಎದ್ದು ನಿಂತು ಆಡಿ. ಮರುದಿನ ಅದೇ ಮಾತುಗಳನ್ನು ನಿಮ್ಮ ಬಸ್ ಸ್ಟ್ಯಾಂಡಿಗೋ ಅಂಗಡಿಗೋ ಹೊಂದಿಸಿ ಆಡಿ.

ಪೂರ್ತಿ ಮಾತೇ ಯಾಕೆ? 'ನೆವರ್ ಮೈಂಡ್' ತೆಗೆದುಕೊಳ್ಳಿ. ನಿಘಂಟಿನಲ್ಲಿ ನೆವರ್ ಎಂದರೆ ಎಂದಿಗೂ ಇಲ್ಲ, ಮೈಂಡ್ ಎಂದರೆ ಮನಸ್ಸು. ಎರಡನ್ನೂ ಕೂಡಿಸಿದರೆ ಏನೂ ಹುಟ್ಟುವುದಿಲ್ಲ. ನಾಟಕದಲ್ಲಿ ಒಬ್ಬನ ಕೈಯಿಂದ ಲೋಟ ಬಿದ್ದು, ಇನ್ನೊಬ್ಬ ನಗುತ್ತಾ ಹಾಗೆಂದರೆ, ಅದು ನಮ್ಮ 'ಓಗ್ಲಿ ಬುಡು' ಎಂದು ಯಾರೂ ಹೇಳದೆಯೇ ತಿಳಿಯುತ್ತದೆ. 'ಕಮ್ ಆನ್' ಎಂಬುದು ಒಂದು ದನಿಯಲ್ಲಿ 'ಬೇಗ ಬಾ', ಇನ್ನೊಂದು ದನಿಯಲ್ಲಿ 'ಸಾಕು ಸುಮ್ನಿರಪ್ಪ'. ನಮ್ಮ 'ಓಗ್ಲಾ' ಎಂಬ ಒಂದೇ ಮಾತು ಸಿಟ್ಟೂ ಸಲಿಗೆಯೂ ಆಗುವುದಿಲ್ಲವೇ, ಹಾಗೆ. ಒತ್ತು ಕೂಡ ಕಿವಿಯಿಂದಲೇ ಬರಬೇಕು. 'ಫೋಟೋಗ್ರಾಫ್' ಪದದಲ್ಲಿ ಒತ್ತು ಮೊದಲಿಗೆ ಬೀಳುತ್ತದೆ, 'ಫೊಟಾಗ್ರಫಿ'ಯಲ್ಲಿ ಎರಡನೆಯದಕ್ಕೆ. ಬರಹ ನೋಡಿದರೆ ಇದು ತಿಳಿಯದು.

ನನ್ನ ಹತ್ತಿರ ಓದಿದ ಹುಡುಗಿಯೊಬ್ಬಳು ಪಿಯುಸಿ ಸೇರಿ ತಿಂಗಳಿಗೇ ಕಾಲೇಜು ಬಿಡುತ್ತೇನೆಂದು ಬಂದಳು. ತಂದೆ ಟೀಸಿ ತರಲು ಸಿದ್ಧರಾಗಿದ್ದರು. ನಾವು ನಾಟಕದಿಂದ ಎತ್ತಿಕೊಂಡಿದ್ದ ಒಂದು ಮಾತನ್ನು ಅವಳಿಂದ ಇಪ್ಪತ್ತು ಸಲ ಹೇಳಿಸಿದೆ: 'ಕುಡ್ ಯು ಸೇ ದಟ್ ಅಗೇನ್, ಸರ್?' ದಯವಿಟ್ಟು ಇನ್ನೊಮ್ಮೆ ಹೇಳಿ ಎಂದು. ಮರುದಿನ ತರಗತಿಯಲ್ಲಿ ಎದ್ದು ಕೇಳಿದಳಂತೆ. ಉಪನ್ಯಾಸಕರು ಇನ್ನೊಮ್ಮೆ, ನಿಧಾನವಾಗಿ ಹೇಳಿದರಂತೆ. ಟೀಸಿ ತರುವ ಮಾತು ಅಲ್ಲಿಗೆ ನಿಂತಿತು. ಅವಳು ವಿಜ್ಞಾನದಲ್ಲೇ ಮುಂದೆ ಓದಿದಳು.

ದೃಶ್ಯ ನೋಡಿದ ಮಾತ್ರಕ್ಕೆ ಪರೀಕ್ಷೆ ಪಾಸಾಗುವುದಿಲ್ಲ. ವ್ಯಾಕರಣಕ್ಕೂ ಬರವಣಿಗೆಗೂ ತರಗತಿಯ ಪಾಠವೇ ಬೇಕು. ಇಂಗ್ಲಿಷ್ ಬಂದರೆ ಕನ್ನಡ ಹೋದೀತೆಂಬ ಹಿರಿಯರ ಅಂಜಿಕೆಯೂ ನನಗೆ ಗೊತ್ತು. ನಮ್ಮದೇ ಜಿಲ್ಲೆಯ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡದ ದೊಡ್ಡ ಪ್ರಬಂಧಕಾರರಾದರು.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಈ ಮಹೋತ್ಸವದ ನೆನಪಿಗೆ ಶಾಲೆಗೊಂದು ಟೀವಿ, ಒಳ್ಳೆಯ ಸ್ಪೀಕರ್ ಕೊಡಿಸೋಣ. ಶನಿವಾರ ಒಂದು ಗಂಟೆ ನಾನು ಬಂದು ಕೂರುತ್ತೇನೆ. ನೀವೂ ಸರದಿಯಂತೆ ಬನ್ನಿ. ಊರಿನ ನಾಟಕದ ಮೇಷ್ಟ್ರನ್ನೂ ಕರೆಯೋಣ. ಮಾತು ಕಲಿಸುವ ವಿದ್ಯೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.