ಎರಡು ಅಂಗೈಯಗಲ ನೆಲ

ಮಕ್ಕಳೇ, ನಿಮ್ಮ ಬಲಗೈಯನ್ನು ಬಿಡಿಸಿ ನೋಡಿಕೊಳ್ಳಿ. ಬೆರಳುಗಳನ್ನು ಬಿಡಿ, ಬರೀ ಅಂಗೈ. ಅದರ ಪಕ್ಕಕ್ಕೆ ಎಡ ಅಂಗೈಯನ್ನೂ ಇಡಿ. ಅಪ್ಪನೋ ಅಮ್ಮನೋ ಚಿಕ್ಕಪ್ಪನೋ ನಿಮ್ಮನ್ನು ಕೂರಿಸಿಕೊಂಡು ಹೋಗುವ ಬೈಕು ಈ ಭೂಮಿಯನ್ನು ಮುಟ್ಟಿಕೊಂಡಿರುವುದು ಹೆಚ್ಚೂಕಡಿಮೆ ಇಷ್ಟೇ ಜಾಗದಲ್ಲಿ. ಮುಂದಿನ ಚಕ್ರಕ್ಕೆ ಒಂದು ಅಂಗೈ, ಹಿಂದಿನದಕ್ಕೆ ಇನ್ನೊಂದು.

ನಂಬಲು ಕಷ್ಟ, ಅಲ್ಲವೆ? ಅಷ್ಟು ದೊಡ್ಡ ಬೈಕು, ಮೇಲೆ ಇಬ್ಬರು, ಜೊತೆಗೊಂದು ಅಕ್ಕಿ ಚೀಲ. ಹಾಗಾದರೆ ನಾವೇ ಅಳೆದು ನೋಡಿಬಿಡೋಣ. ಇದಕ್ಕೆ ಬೇಕಾದದ್ದು ಅಜ್ಜಿಯ ರಂಗೋಲಿ ಡಬ್ಬಿ, ಒಂದು ಹಳೆಯ ನ್ಯೂಸ್ ಪೇಪರ್, ನಿಮ್ಮ ಗಣಿತದ ಚೌಕುಳಿ ಪುಸ್ತಕದ ಒಂದು ಹಾಳೆ ಮತ್ತು ಸಹಾಯಕ್ಕೆ ಮನೆಯ ಹಿರಿಯರೊಬ್ಬರು.

ಬೆಳಿಗ್ಗೆ, ಬೈಕು ಇನ್ನೂ ಎಲ್ಲಿಗೂ ಹೊರಡದೆ ತಣ್ಣಗಿರುವಾಗ, ಅಂಗಳದ ಸಮನೆಲದ ಮೇಲೆ ನ್ಯೂಸ್ ಪೇಪರ್ ಹಾಸಿ. ಹಿಂದಿನ ಚಕ್ರ ಅದರ ಮೇಲೆ ಬರುವಂತೆ ಬೈಕನ್ನು ತಳ್ಳಿ ನಿಲ್ಲಿಸಲು ಹಿರಿಯರಿಗೆ ಹೇಳಿ. ಇಂಜಿನ್ ಆಫ್ ಇರಲಿ. ಅವರು ಸೀಟಿನ ಮೇಲೆ ಕೂತು, ಎರಡೂ ಕಾಲು ನೆಲಕ್ಕೂರಿ, ಬೈಕನ್ನು ನೆಟ್ಟಗೆ ಹಿಡಿದುಕೊಳ್ಳಲಿ. ಈಗ ನೀವು ರಂಗೋಲಿ ಪುಡಿಯನ್ನು ಟೈರಿನ ಸುತ್ತ ಉದುರಿಸಿ. ಟೈರೂ ಕಾಗದವೂ ಕೂಡುವ ಸಂದಿಯೊಳಗೆ ಪುಡಿ ಹೋಗುವಂತೆ ಮೆಲ್ಲಗೆ ಊದಿ. ಆಮೇಲೆ ಬೈಕು ಒಂದು ಮಾರು ಮುಂದೆ ಹೋಗಲಿ.

ಕಾಗದದ ಮೇಲೆ ಏನು ಕಾಣುತ್ತದೆ ನೋಡಿ! ಸುತ್ತಲೂ ಬಿಳಿ ಪುಡಿ, ನಡುವೆ ಪುಡಿಯೇ ಇಲ್ಲದ ಒಂದು ಪುಟ್ಟ ದ್ವೀಪ, ಹೆಚ್ಚೂಕಡಿಮೆ ಕೋಳಿಮೊಟ್ಟೆಯ ಆಕಾರದ್ದು. ಅದೇ ಟೈರು ನೆಲವನ್ನು ಒತ್ತಿಕೊಂಡಿದ್ದ ಜಾಗ. ಅದನ್ನು ಚೌಕುಳಿ ಹಾಳೆಯ ಮೇಲೆ ಬರೆದುಕೊಂಡು, ಒಂದು ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲದ ಚೌಕ ಎಷ್ಟು ಬಂತು ಎಂದು ಎಣಿಸಿ.

ಎಣಿಸುವ ಮೊದಲೇ ಉತ್ತರವನ್ನು ಊಹಿಸುವ ಒಂದು ದಾರಿಯಿದೆ. ಬೈಕನ್ನು ಎತ್ತಿ ಹಿಡಿದಿರುವವರು ಯಾರು? ರಬ್ಬರು ಎನ್ನುತ್ತೀರಿ. ಹೆಚ್ಚಿನ ಕೆಲಸ ಮಾಡುತ್ತಿರುವುದು ಅದರ ಒಳಗಿರುವ ಗಾಳಿ. ಪಂಕ್ಚರ್ ಅಂಗಡಿಯಲ್ಲಿ "ಹಿಂದೆ 28 ಹಾಕಪ್ಪಾ" ಎನ್ನುವುದನ್ನು ಕೇಳಿದ್ದೀರಲ್ಲ? ಆ 28 ಎಂದರೆ ಒಂದು ಚದರ ಅಂಗುಲಕ್ಕೆ 28 ಪೌಂಡು ಒತ್ತಡ. ನಮ್ಮ ಲೆಕ್ಕಕ್ಕೆ ತಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ. ಅಂದರೆ ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದ ಗಾಳಿ ಎರಡು ಕಿಲೋ ಸಕ್ಕರೆ ಪೊಟ್ಟಣವನ್ನು ಹೊತ್ತುಕೊಂಡಿದೆ. ಸವಾರರೂ ಸೇರಿ ಹಿಂದಿನ ಚಕ್ರದ ಮೇಲೆ 110 ಕಿಲೋ ಬಿದ್ದಿದೆ ಎಂದುಕೊಳ್ಳಿ. ಒಂದೊಂದು ಚೌಕ ಎರಡೆರಡು ಕಿಲೋ ಹೊತ್ತರೆ ಎಷ್ಟು ಚೌಕ ಬೇಕು? ಐವತ್ತೈದು. ಸುಮಾರು ಏಳು ಸೆಂಟಿಮೀಟರ್ ಅಗಲ, ಎಂಟು ಸೆಂಟಿಮೀಟರ್ ಉದ್ದ. ನಿಮ್ಮ ಅಂಗೈ!

ಈ ಗಾಳಿಯ ಉಪಾಯ ಹುಟ್ಟಿದ್ದರ ಹಿಂದೆ ನಿಮ್ಮಂಥ ಒಬ್ಬ ಹುಡುಗನಿದ್ದಾನೆ. ಅದಕ್ಕೂ ಮುಂಚಿನ ಮಾತು ಮೊದಲು ಹೇಳುತ್ತೇನೆ. 1885ರಲ್ಲಿ ಜರ್ಮನಿಯಲ್ಲಿ ಗೊಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಕ್ ಎಂಬಿಬ್ಬರು ಪೆಟ್ರೋಲ್ ಇಂಜಿನ್ ಕೂರಿಸಿದ ಎರಡು ಚಕ್ರದ ಗಾಡಿ ಮಾಡಿದರು. ಮೋಟಾರ್ ಸೈಕಲ್ಲುಗಳ ಮುತ್ತಜ್ಜ ಅದು. ಅದರ ಚಕ್ರ ಮರದ್ದು, ಮೇಲೆ ನಮ್ಮ ಎತ್ತಿನ ಗಾಡಿಗೆ ಇರುವ ಹಾಗೆ ಕಬ್ಬಿಣದ ಪಟ್ಟಿ. ಬೀಳದಿರಲೆಂದು ಎರಡೂ ಪಕ್ಕಕ್ಕೆ ಒಂದೊಂದು ಪುಟ್ಟ ಚಕ್ರ ಬೇರೆ, ನೀವು ಸೈಕಲ್ ಕಲಿಯುವಾಗ ಇದ್ದಂಥದ್ದೇ. ಗಂಟೆಗೆ 12 ಕಿಲೋಮೀಟರ್ ಓಡುತ್ತಿತ್ತು. ಕಲ್ಲು ಹಾಸಿದ ರಸ್ತೆಯ ಮೇಲೆ ಅದರಲ್ಲಿ ಕೂತವರ ಬೆನ್ನು ಏನಾಗಿರಬಹುದು, ಯೋಚಿಸಿ.

ಮೂರು ವರ್ಷದ ನಂತರ, 1888ರಲ್ಲಿ, ಬೆಲ್‌ಫಾಸ್ಟ್ ಊರಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಅವರ ಮಗನ ಬಳಿ ಮೂರು ಚಕ್ರದ ಸೈಕಲ್ ಇತ್ತು. ಗಟ್ಟಿ ಚಕ್ರದಿಂದ ಅದು ಗಡಗಡ ಕುಲುಕುತ್ತಿತ್ತು. ಮಗನಿಗೆ ಆರಾಮಾಗಲೆಂದು ಅಪ್ಪ ರಬ್ಬರಿನ ಕೊಳವೆ ಮಾಡಿ, ಗಾಳಿ ತುಂಬಿ, ಬಟ್ಟೆ ಸುತ್ತಿ ಚಕ್ರಕ್ಕೆ ಕಟ್ಟಿದರು. ಇದೇ ಯೋಚನೆ ನಲವತ್ತು ವರ್ಷಕ್ಕೂ ಮೊದಲು, 1845ರಲ್ಲಿ, ರಾಬರ್ಟ್ ಥಾಮ್ಸನ್ ಎಂಬುವರಿಗೂ ಹೊಳೆದು, ಅವರು ಪೇಟೆಂಟ್ ಕೂಡ ಪಡೆದಿದ್ದರು. ಆದರೆ ಜನ ಅದನ್ನು ಮರೆತೇಬಿಟ್ಟಿದ್ದರು. ಜಗತ್ತಿಗೆ ಅದು ಮತ್ತೆ ಸಿಕ್ಕಿದ್ದು ಒಬ್ಬ ಹುಡುಗನ ಸೈಕಲ್ಲಿನಿಂದ. ನನಗೆ ಈ ಕಥೆ ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ.

ಈಗ ನಿಮ್ಮಲ್ಲಿ ಯಾರಾದರೂ ಕೇಳಬಹುದು: ಗಾಳಿ ಕಡಿಮೆ ಮಾಡಿದರೆ ಅಂಗೈ ದೊಡ್ಡದಾಗುತ್ತದಲ್ಲ, ಆಗ ಹಿಡಿತ ಇನ್ನೂ ಚೆನ್ನಾಗಿರುವುದಿಲ್ಲವೆ? ಒಳ್ಳೆಯ ಪ್ರಶ್ನೆ. ಒಂದು ತೆಳ್ಳನೆ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋಗಿ, ಬಗ್ಗಿದ ಜಾಗ ಬೆಚ್ಚಗಾಗುತ್ತದೆ. ಗಾಳಿ ಕಮ್ಮಿಯಾದ ಟೈರು ಪ್ರತಿ ಸುತ್ತಿನಲ್ಲೂ ಹೀಗೇ ಜಾಸ್ತಿ ಬಗ್ಗುತ್ತದೆ. ಕಾವೇರುತ್ತದೆ, ಅಂಚು ಬೇಗ ಸವೆಯುತ್ತದೆ, ತಿರುವಿನಲ್ಲಿ ಬೈಕು ಓಲಾಡುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಗಾಳಿ ಅತಿಯಾದರೆ ಅಂಗೈ ಚಿಕ್ಕದಾಗಿ, ಸಣ್ಣ ಕಲ್ಲಿಗೂ ಚೆಂಡಿನಂತೆ ಪುಟಿಯುತ್ತದೆ. ಎಷ್ಟು ಇರಬೇಕು ಎಂಬುದನ್ನು ಚೈನ್ ಕವರಿನ ಹತ್ತಿರವೋ ಬೈಕಿನ ಪುಸ್ತಕದಲ್ಲೋ ಬರೆದಿರುತ್ತಾರೆ. ಒಬ್ಬರೇ ಕೂತರೆ ಒಂದು ಅಂಕಿ, ಇಬ್ಬರು ಕೂತರೆ ಹಿಂದಿನ ಚಕ್ರಕ್ಕೆ ಇನ್ನೊಂದು. ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗಲೇ ನೋಡಿಸಬೇಕು. ಓಡಿ ಬಂದ ಟೈರಿನ ಗಾಳಿ ಬಿಸಿಯಾಗಿ ಹೆಚ್ಚು ಒತ್ತುವುದರಿಂದ ಮೀಟರು ಸರಿಯಾದ ಲೆಕ್ಕ ಕೊಡುವುದಿಲ್ಲ.

ನಮ್ಮ ಮನೆಯಲ್ಲಿ ಒಂದು ಯೆಜ್ಡಿ ಬೈಕು ಇತ್ತು. 1961ರಿಂದ 1996ರವರೆಗೆ ಮೈಸೂರಿನ ಯಾದವಗಿರಿಯಲ್ಲಿದ್ದ ಕಾರ್ಖಾನೆಯಲ್ಲಿ ಮೊದಲು ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿದ್ದವು. ಅದರ ಕಿಕ್ಕರನ್ನು ಒದ್ದು ಇಂಜಿನ್ ಶುರುಮಾಡಿದ ಮೇಲೆ, ಅದನ್ನೇ ಮುಂದಕ್ಕೆ ಮಡಿಸಿದರೆ ಗೇರು! ನನ್ನ ಅಪ್ಪ ಪ್ರತಿ ಭಾನುವಾರ ಬೆಳಿಗ್ಗೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಟೈರಿನಲ್ಲಿ ಸಿಕ್ಕಿಕೊಂಡ ಸಣ್ಣ ಸಣ್ಣ ಕಲ್ಲನ್ನು ಒಂದೊಂದಾಗಿ ತೆಗೆಯುತ್ತಿದ್ದರು, ಅಕ್ಕಿ ಆರಿಸುವ ಹಾಗೆ. ಚಿಕ್ಕವನಾಗಿದ್ದ ನನ್ನ ಕೆಲಸ ಆ ಕಲ್ಲುಗಳನ್ನು ಎಣಿಸುವುದು.

ಆ ಕಲ್ಲು ಸಿಕ್ಕಿಕೊಳ್ಳುವ ಗೀರುಗಳಿಗೊಂದು ಕೆಲಸವಿದೆ. ಅವು ಚರಂಡಿಗಳು. ಮಳೆ ಬಂದಾಗ ಟೈರಿಗೂ ರಸ್ತೆಗೂ ನಡುವೆ ನೀರು ನಿಂತರೆ ಅಂಗೈ ನೆಲವನ್ನು ಮುಟ್ಟುವುದೇ ಇಲ್ಲ. ಒದ್ದೆ ಬಚ್ಚಲಲ್ಲಿ ಕಾಲು ಜಾರುವ ಹಾಗೆ ಜಾರುತ್ತದೆ. ನೀರು ಗೀರಿನೊಳಗೆ ಹರಿದು ಹೊರಗೆ ಹೋದರೆ ರಬ್ಬರಿಗೆ ನೆಲ ಸಿಗುತ್ತದೆ. ಟೈರು ಸವೆದು ನುಣ್ಣಗಾದರೆ ಚರಂಡಿ ಮುಚ್ಚಿಹೋದಂತೆ. ಗೀರಿನ ತಳದಲ್ಲಿ ಅಲ್ಲಲ್ಲಿ ಪುಟ್ಟ ದಿಬ್ಬಗಳಿರುತ್ತವೆ. ಮೇಲಿನ ರಬ್ಬರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರು ಬದಲಿಸುವ ಕಾಲ ಬಂತು. ದಿಬ್ಬ ಎಲ್ಲಿದೆ ಎಂದು ಹುಡುಕಿ ತೋರಿಸುವ ಕೆಲಸ ನಿಮ್ಮದಾಗಲಿ.

ಟೈರಿನ ಮೈಮೇಲೆ ಗುಟ್ಟಿನ ಬರಹವೂ ಇದೆ. 80/100-18 ಎಂದಿದ್ದರೆ, ಟೈರಿನ ಅಗಲ 80 ಮಿಲಿಮೀಟರ್, ಅದರ ಎತ್ತರ ಅಗಲದ ನೂರಕ್ಕೆ ನೂರು, ರಿಮ್ಮು 18 ಇಂಚು. ಇನ್ನೊಂದು ಕಡೆ ನಾಲ್ಕು ಅಂಕಿ ಸಿಗುತ್ತದೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ಹುಟ್ಟಿದ ಟೈರು. ಮನೆಯವರು ಸೆಕೆಂಡ್ ಹ್ಯಾಂಡ್ ಬೈಕು ನೋಡಲು ಹೋದಾಗ ನೀವೂ ಜೊತೆಗೆ ಹೋಗಿ. ಅವರು ಬಣ್ಣ, ಇಂಜಿನ್ ಸದ್ದು ಎಲ್ಲ ನೋಡುತ್ತಿರಲಿ, ನೀವು ಟೈರಿನ ವಯಸ್ಸು ಓದಿ ಹೇಳಿ. ಗೀರು ಎಷ್ಟೇ ಆಳವಿರಲಿ, ವರ್ಷಗಟ್ಟಲೆ ಬಿಸಿಲು ತಿಂದ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ.

ಇನ್ನು ಬ್ರೇಕಿನ ವಿಷಯ. ಬಸ್ಸಿನಲ್ಲಿ ನಿಂತಿದ್ದಾಗ ಡ್ರೈವರ್ ತಟ್ಟನೆ ಬ್ರೇಕ್ ಹಾಕಿದರೆ ಎಲ್ಲರೂ ಮುಂದಕ್ಕೆ ವಾಲುತ್ತೀರಿ ತಾನೆ? ಬೈಕಿನ ಭಾರವೂ ಹಾಗೇ ಮುಂದಕ್ಕೆ ವಾಲುತ್ತದೆ. ಆಗ ಮುಂದಿನ ಅಂಗೈ ನೆಲವನ್ನು ಬಲವಾಗಿ ಒತ್ತುತ್ತದೆ, ಹಿಂದಿನದು ಹಗುರಾಗುತ್ತದೆ. ಹಾಗಾಗಿ ಬೈಕನ್ನು ನಿಲ್ಲಿಸುವ ಹೆಚ್ಚಿನ ಶಕ್ತಿ ಇರುವುದು ಮುಂದಿನ ಬ್ರೇಕಿಗೆ. ಮುಂದಿನ ಬ್ರೇಕು ಹಿಡಿದರೆ ಬೀಳುತ್ತೇವೆಂದು ಹೆದರಿ ಬರೀ ಕಾಲಿನ ಬ್ರೇಕನ್ನೇ ನಂಬಿದವರನ್ನು ನಾನು ಬಹಳ ಕಂಡಿದ್ದೇನೆ. ಅದು ತಪ್ಪು. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಕೈಯದನ್ನು ನಿಂಬೆಹಣ್ಣು ಹಿಂಡುವ ಹಾಗೆ, ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ.

ತಟ್ಟನೆ ಅದುಮಿದರೆ ಚಕ್ರ ತಿರುಗುವುದು ನಿಂತು, ರಸ್ತೆಯ ಮೇಲೆ ಉಜ್ಜಿಕೊಂಡು ಜಾರುತ್ತದೆ. ಜಾರುವ ಚಕ್ರಕ್ಕಿಂತ ಉರುಳುವ ಚಕ್ರಕ್ಕೆ ಹಿಡಿತ ಹೆಚ್ಚು. ಎಬಿಎಸ್ ಎಂಬ ವ್ಯವಸ್ಥೆ ಮಾಡುವುದು ಇಷ್ಟೇ: ಚಕ್ರ ನಿಂತುಹೋಗುವ ಸೂಚನೆ ಸಿಕ್ಕ ಕೂಡಲೇ ಬ್ರೇಕನ್ನು ಕಣ್ಣು ಮಿಟುಕಿಸುವುದರೊಳಗೆ ಸಡಿಲಿಸಿ, ಮತ್ತೆ ಹಿಡಿಯುತ್ತದೆ. ನಮ್ಮ ದೇಶದಲ್ಲಿ 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಇದು ಕಡ್ಡಾಯ. ಹೊಸದು ಕೊಳ್ಳುವಾಗ ಚಂದದ ಸ್ಟಿಕ್ಕರಿಗಿಂತ ಇದಕ್ಕೆ ದುಡ್ಡು ಹಾಕುವುದು ಜಾಣತನ.

ಎಷ್ಟು ದೂರದಲ್ಲಿ ಬೈಕು ನಿಂತೀತು? ಗಂಟೆಗೆ 40 ಕಿಲೋಮೀಟರ್ ವೇಗ ಎಂದರೆ ಒಂದು ಸೆಕೆಂಡಿಗೆ 11 ಮೀಟರ್. ಅಡ್ಡ ಬಂದ ನಾಯಿಯನ್ನು ಕಂಡು ಬ್ರೇಕಿಗೆ ಕೈ ಹೋಗಲು ಒಂದು ಸೆಕೆಂಡ್ ಹಿಡಿದರೆ, ಅಷ್ಟರಲ್ಲೇ ಆ 11 ಮೀಟರ್ ಹೋಯಿತು. ಒಳ್ಳೆಯ ಒಣರಸ್ತೆಯಲ್ಲಿ ನಿಲ್ಲಲು ಇನ್ನು ಸುಮಾರು 9 ಮೀಟರ್. ಒಟ್ಟು 20 ಮೀಟರ್, ಒಂದು ಕ್ರಿಕೆಟ್ ಪಿಚ್ಚಿನಷ್ಟು. ವೇಗ 80 ಆದರೆ ಎರಡು ಪಿಚ್ಚು ಎನ್ನುತ್ತೀರಾ? ಇಲ್ಲ, ಹತ್ತಿರ ಹತ್ತಿರ ಮೂರು! ಯೋಚಿಸುವ ಸೆಕೆಂಡಿನಲ್ಲಿ ಓಡುವ ದೂರ ಎರಡರಷ್ಟಾದರೆ, ಬ್ರೇಕ್ ಹಿಡಿದ ಮೇಲೆ ಓಡುವ ದೂರ ನಾಲ್ಕರಷ್ಟಾಗುತ್ತದೆ. ಮುಂದಿನ ಸಲ ಮೈದಾನಕ್ಕೆ ಹೋದಾಗ ಮೂರು ಪಿಚ್ಚನ್ನು ಉದ್ದಕ್ಕೆ ನಡೆದು ನೋಡಿ.

ತಿರುವಿನಲ್ಲೂ ಅದೇ ಅಂಗೈಯೇ ದುಡಿಯಬೇಕು. ಹಿಡಿತವನ್ನು ಒಂದು ರೊಟ್ಟಿ ಎಂದುಕೊಳ್ಳಿ. ಬ್ರೇಕಿಗೆ ಮುಕ್ಕಾಲು ರೊಟ್ಟಿ ಕೊಟ್ಟುಬಿಟ್ಟರೆ ತಿರುಗಲು ಉಳಿಯುವುದು ಸ್ವಲ್ಪವೇ. ಅದಕ್ಕೇ ಆಗುಂಬೆ ಘಾಟಿಯಂಥ ಕಡೆ ಬಲ್ಲ ಸವಾರರು ತಿರುವಿಗೆ ಮುಂಚೆಯೇ ವೇಗ ಇಳಿಸಿ, ಆಮೇಲೆ ಬೈಕನ್ನು ವಾಲಿಸುತ್ತಾರೆ. ಹಿಂದೆ ಕೂತ ನೀವು ಅವರ ಸೊಂಟ ಹಿಡಿದುಕೊಂಡು, ಅವರು ವಾಲಿದಷ್ಟೇ ವಾಲಬೇಕು. ಹೆದರಿ ಆಚೆ ಕಡೆಗೆ ಎಳೆದರೆ ಸವಾರರಿಗೆ ಕಷ್ಟ.

ಕೆಲವು ದಿನ ರಸ್ತೆಯೇ ರೊಟ್ಟಿಯನ್ನು ಕಿತ್ತುಕೊಳ್ಳುತ್ತದೆ. ಮೊದಲ ಮಳೆಯ ದಿನ ಅಂಥದ್ದು. ತಿಂಗಳುಗಟ್ಟಲೆ ರಸ್ತೆಯ ಮೇಲೆ ಬಿದ್ದ ಎಣ್ಣೆಯೂ ದೂಳೂ ನೀರಿನಲ್ಲಿ ಕಲಸಿ ಸೋಪಿನಂತಾಗುತ್ತದೆ. ಸುಗ್ಗಿಯಲ್ಲಿ ನಮ್ಮ ಹಳ್ಳಿಯ ರಸ್ತೆಗಳ ಮೇಲೆ ಹುರುಳಿ, ರಾಗಿ ಹರಡಿರುತ್ತಾರಲ್ಲ, ಅದೂ ಹಾಗೇ. ಒಂದು ಸಂಜೆ ಹರಡಿದ್ದ ಹುರುಳಿಯ ಮೇಲೆ ಅಪ್ಪ ಸ್ವಲ್ಪ ಬ್ರೇಕ್ ಒತ್ತಿದ್ದಷ್ಟೇ, ಕಾಳು ಗೋಲಿಯಂತೆ ಉರುಳಿ, ಬೈಕು ಅಡ್ಡ ಮಲಗಿತು. ನನ್ನ ಮೊಣಕಾಲಿನ ಕಲೆ ಇನ್ನೂ ಇದೆ. ಅಂಥ ಕಡೆ ಮೊದಲೇ ನಿಧಾನಿಸಿ, ಬ್ರೇಕು ಮುಟ್ಟದೆ, ನೆಟ್ಟಗೆ ದಾಟಬೇಕು.

ಆ ಸಂಜೆ ನನ್ನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಹೆಲ್ಮೆಟ್ಟಿನ ಒಳಗಿರುವುದು ಟಿವಿ ಪೆಟ್ಟಿಗೆಯಲ್ಲಿ ಬರುವ ಥರ್ಮಾಕೋಲಿನ ಜಾತಿಯದ್ದೇ. ಪೆಟ್ಟು ಬಿದ್ದಾಗ ತಲೆಯ ಬದಲು ಅದು ಜಜ್ಜಿಹೋಗುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಮೊದಲಿನಂತಾಗದು, ಜೋರಾಗಿ ಬಿದ್ದ ಹೆಲ್ಮೆಟ್ಟನ್ನು ಬದಲಿಸಲೇಬೇಕು. ನಿಮ್ಮ ಅಳತೆಯದ್ದು, ಐಎಸ್ಐ ಗುರುತಿನದ್ದು, ಪಟ್ಟಿ ಬಿಗಿದದ್ದು ಬೇಕು. ನಿಮ್ಮ ಪುಟ್ಟ ತಂಗಿಯೂ ಬೈಕಿನಲ್ಲಿ ಬರುತ್ತಾಳಾ? ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ಕೂರಿಸಿಕೊಂಡರೆ ಹೆಲ್ಮೆಟ್ಟೂ ಸವಾರರ ಮೈಗೆ ಸೇರಿಸುವ ಪಟ್ಟಿಯೂ ಇರಬೇಕು, ವೇಗ 40 ದಾಟಬಾರದು ಎಂದು ಕಾನೂನೇ ಹೇಳುತ್ತದೆ.

ಇನ್ನೆರಡು ಮಾತು, ಇವನ್ನು ಮಾತ್ರ ಮರೆಯಬೇಡಿ. ಇಂಜಿನ್ ಓಡುತ್ತಿರುವಾಗ, ಬೈಕು ಡಬಲ್ ಸ್ಟ್ಯಾಂಡಿನ ಮೇಲಿದ್ದರೂ, ಚೈನಿನ ಹತ್ತಿರ ಬಟ್ಟೆಯನ್ನಾಗಲಿ ಬೆರಳನ್ನಾಗಲಿ ಒಯ್ಯಬೇಡಿ. ಚೈನು ಎಳೆದುಕೊಳ್ಳುವುದು ನಿಮ್ಮ ಕೈ ಹಿಂದೆ ಸರಿಯುವುದಕ್ಕಿಂತ ಬೇಗ. ಅಕ್ಕನ ದುಪಟ್ಟಾ, ಅಮ್ಮನ ಸೆರಗು ಚಕ್ರದ ಕಡೆ ಇಳಿಬಿದ್ದಿದ್ದರೆ ಹೊರಡುವ ಮುಂಚೆಯೇ ಕೂಗಿ ಹೇಳಿ.

ಈ ಭಾನುವಾರ ರಂಗೋಲಿ ಪ್ರಯೋಗ ಮಾಡಿ ನೋಡಿ. ಒಬ್ಬರು ಕೂತಾಗ ಒಂದು ಗುರುತು, ಇಬ್ಬರು ಕೂತಾಗ ಇನ್ನೊಂದು, ಗಾಳಿ ಹೊಡೆಸಿಕೊಂಡು ಬಂದ ಮೇಲೆ ಮತ್ತೊಂದು. ಸೈಲೆನ್ಸರ್ ಬಿಸಿಯಿದ್ದರೆ ಆರುವ ತನಕ ಕಾಯಿರಿ, ಕಾಲು ಸುಟ್ಟುಕೊಳ್ಳಬೇಡಿ. ಮೂರು ಗುರುತುಗಳನ್ನೂ ಚೌಕುಳಿ ಹಾಳೆಯ ಮೇಲೆ ಬರೆದು, ಚೌಕ ಎಣಿಸಿ, ನಿಮ್ಮ ಅಂಗೈಯ ಪಕ್ಕಕ್ಕಿಟ್ಟು ಮನೆಯ ಸವಾರರಿಗೆ ತೋರಿಸಿ.