ಇನಾಮೋರಿಯವರು ಕೊಟ್ಟ ಮಾತು



ಮಠದ ಮಹೋತ್ಸವದಲ್ಲಿ ಯಂತ್ರೋದ್ಯಮಿಯೊಬ್ಬರ ಕಥೆಯೇಕೆಂದು ತಮ್ಮಲ್ಲಿ ಕೆಲವರು ಶಂಕಿಸಬಹುದು. ದೊಡ್ಡ ಕಾರ್ಖಾನೆಗಳನ್ನು ಕಟ್ಟಿ, ಅರುವತ್ತೈದನೆಯ ವಯಸ್ಸಿನಲ್ಲಿ ತಲೆ ಬೋಳಿಸಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದವರ ಚರಿತ್ರೆಯು ಇಂತಹ ಸ್ಥಳದಲ್ಲಿ ಅಪ್ರಕೃತವಾಗಲಾರದೆಂಬ ಧೈರ್ಯದಿಂದ, ಜಪಾನ್ ದೇಶದ ಕಝುಓ ಇನಾಮೋರಿಯವರ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡುತ್ತೇನೆ.

ಇವರು ಹುಟ್ಟಿದ್ದು 1932ರಲ್ಲಿ, ದಕ್ಷಿಣ ಜಪಾನಿನ ಕಾಗೋಶಿಮಾ ನಗರದಲ್ಲಿ. ಎಳೆಯ ಪ್ರಾಯದಲ್ಲಿಯೇ ಕ್ಷಯರೋಗವು ಬಾಧಿಸಿತು. 1945ರ ಯುದ್ಧದಲ್ಲಿ ಬಾಂಬಿನ ಬೆಂಕಿಗೆ ಮನೆಯೂ ಆಹುತಿಯಾಯಿತು. 1955ರಲ್ಲಿ ರಸಾಯನಶಾಸ್ತ್ರದ ಪದವಿ ಪಡೆದು ಕ್ಯೋಟೋ ನಗರದ ಒಂದು ಕಾರ್ಖಾನೆಯನ್ನು ಸೇರಿದರು. ಅಲ್ಲಿ ಸಂಬಳವೇ ಹೊತ್ತಿಗೆ ಸರಿಯಾಗಿ ದೊರೆಯುತ್ತಿರಲಿಲ್ಲ. ಜತೆಗೆ ಸೇರಿದವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಇವರು ಮಾತ್ರ ಪ್ರಯೋಗಶಾಲೆಯಲ್ಲಿಯೇ ಅಡುಗೆ ಮಾಡಿಕೊಂಡು ಕೆಲಸದಲ್ಲಿ ಮುಳುಗಿದರು.

ಜೇಡಿಮಣ್ಣನ್ನಾದರೆ ನೀರು ಬೆರೆಸಿ ತಿದ್ದಬಹುದು; ಇವರು ಪಳಗಿಸಬೇಕಾಗಿದ್ದ ಶುದ್ಧ ಖನಿಜದ ಹುಡಿಯು ಮುದ್ದೆಗಟ್ಟುತ್ತಿರಲಿಲ್ಲ. ಅಂಟಿಗೆಂದು ಮಣ್ಣು ಬೆರೆಸಿದರೆ ಶುದ್ಧತೆಯು ಕೆಡುವುದು. ಒಂದು ದಿನ ನೆಲದ ಮೇಲಿದ್ದ ಮೇಣವನ್ನು ಎಡವಲು, ಅದು ಪಾದರಕ್ಷೆಗೆ ಅಂಟಿಕೊಂಡಿತು. ಆಗ ಯುಕ್ತಿಯು ಹೊಳೆಯಿತು. ಹುಡಿಯನ್ನು ಮೇಣದಲ್ಲಿ ಕಲಸಿ, ಅಚ್ಚೊತ್ತಿ, ಆವಿಗೆಯಲ್ಲಿ ಸುಡಲು, ಮೇಣವೆಲ್ಲ ಉರಿದುಹೋಗಿ ಶುದ್ಧ ವಸ್ತುವೇ ಉಳಿಯಿತು. ಟೆಲಿವಿಷನ್ ಯಂತ್ರದ ನಳಿಗೆಗೆ ಬೇಕಾದ ಭಾಗವು ಹೀಗೆ ಸಿದ್ಧವಾಯಿತು.

1959ರಲ್ಲಿ, ಹಿತೈಷಿಯೊಬ್ಬರು ತಮ್ಮ ಮನೆಯನ್ನೇ ಒತ್ತೆಯಿಟ್ಟು ನೆರವಾಗಲು, ಇಂದು ಕ್ಯೋಸೆರಾ ಎಂದು ಹೆಸರಾದ ಕಂಪೆನಿಯನ್ನು ಸ್ಥಾಪಿಸಿದರು. ತಮ್ಮ ವಿದ್ಯೆಯನ್ನು ಲೋಕಕ್ಕೆ ತೋರಬೇಕೆಂಬುದೇ ಆಗ ಅವರ ಉದ್ದೇಶ. 1961ರಲ್ಲಿ ಹನ್ನೊಂದು ಮಂದಿ ತರುಣ ಕೆಲಸಗಾರರು ಬಂದು, ಮುಂದಿನ ವರ್ಷಗಳ ಸಂಬಳದ ಏರಿಕೆಗೆ ಈಗಲೇ ಹೊಣೆ ಕೊಡಬೇಕು, ಇಲ್ಲವಾದರೆ ಬಿಟ್ಟುಹೋಗುವೆವೆಂದು ಹಟ ಹಿಡಿದರು. ಅವರನ್ನು ಮನೆಗೆ ಕರೆದೊಯ್ದು ಮೂರು ದಿನ ಮಾತನಾಡಿ ಒಪ್ಪಿಸಿದರು. ಅವರೆಲ್ಲ ಉಳಿದರು, ಆದರೆ ಇವರಿಗೆ ನೆಮ್ಮದಿಯು ಉಳಿಯಲಿಲ್ಲ. ಹೆತ್ತವರಿಗೇ ಸಾಕಷ್ಟು ಹಣ ಕಳುಹಿಸಲಾರದ ತಾನು ಪರರ ಮಕ್ಕಳ ಬಾಳಿನ ಹೊಣೆಯನ್ನು ಹೊರಬೇಕೆ ಎಂದು ಬಹುದಿನ ತಳಮಳಿಸಿದರು. ಕಡೆಗೆ ಕಂಪೆನಿಯ ಉದ್ದೇಶವನ್ನೇ ಬದಲಿಸಿದರು: ಅಲ್ಲಿ ದುಡಿಯುವವರೆಲ್ಲರ ಐಹಿಕ ಮತ್ತು ಮಾನಸಿಕ ಕ್ಷೇಮವನ್ನು ಸಾಧಿಸುವುದು, ಅದರೊಡನೆ ಮನುಷ್ಯಕುಲದ ಏಳಿಗೆಗೆ ನೆರವಾಗುವುದು. ಇದೇ ಅವರು ಕೊಟ್ಟ ಮಾತು.

1984ರಲ್ಲಿ ಟೆಲಿಫೋನ್ ಉದ್ಯಮಕ್ಕೆ ಕೈಯಿಡುವ ಮುನ್ನ, ಈ ಬಯಕೆಯಲ್ಲಿ ಸ್ವಾರ್ಥವು ಬೆರೆತಿಲ್ಲವಷ್ಟೆ ಎಂದು ಸುಮಾರು ಆರು ತಿಂಗಳು ಪ್ರತಿರಾತ್ರಿಯೂ ತಮ್ಮನ್ನು ತಾವೇ ಪ್ರಶ್ನಿಸಿಕೊಂಡರು. ಆ ಕಂಪೆನಿಯ ಆರಂಭದಲ್ಲಿ ತಮಗಾಗಿ ಒಂದು ಪಾಲನ್ನೂ ತೆಗೆದುಕೊಳ್ಳಲಿಲ್ಲ. ಅದರಿಂದಲೇ 2000ದಲ್ಲಿ ಕೆ.ಡಿ.ಡಿ.ಐ. ಎಂಬ ಮಹಾಸಂಸ್ಥೆಯು ರೂಪುಗೊಂಡಿತು.

1997ರಲ್ಲಿ ಹೊಟ್ಟೆಯ ಅರ್ಬುದರೋಗಕ್ಕೆ ಶಸ್ತ್ರಚಿಕಿತ್ಸೆಯಾದ ತರುವಾಯ, ಕ್ಯೋಟೋ ಪ್ರಾಂತದ ಎಂಪುಕುಜಿ ಎಂಬ ಝೆನ್ ಬೌದ್ಧಮಠದಲ್ಲಿ ದೀಕ್ಷೆ ಹೊಂದಿದರು. ಹುಲ್ಲಿನ ಪಾದರಕ್ಷೆಯಿಂದ ಹೊರಬಿದ್ದ ಬೆರಳುಗಳು ನೆಲಕ್ಕೆ ಉಜ್ಜಿ ರಕ್ತ ಒಸರುತ್ತಿರಲು, ಭಿಕ್ಷೆ ಮುಗಿಸಿ ಮರಳುತ್ತಿದ್ದರು. ಉದ್ಯಾನವನ್ನು ಗುಡಿಸುತ್ತಿದ್ದ ವೃದ್ಧೆಯೊಬ್ಬಳು ಪೊರಕೆಯನ್ನು ಹಿಡಿದೇ ಬಂದು, 500 ಯೆನ್ನಿನ ನಾಣ್ಯವೊಂದನ್ನು ಇವರ ಜೋಳಿಗೆಗೆ ಹಾಕಿದಳು. ಅಷ್ಟು ಐಶ್ವರ್ಯವನ್ನು ಕಂಡ ಇವರು ಆ ಕ್ಷಣದಲ್ಲಿ ಪಡೆದ ಆನಂದವನ್ನು ಬಾಳಿನುದ್ದಕ್ಕೂ ಸ್ಮರಿಸುತ್ತಿದ್ದರು.

ಆದರೆ ಕೊಟ್ಟ ಮಾತಿನ ಕಠಿನ ಪರೀಕ್ಷೆಯು ಆಮೇಲೆ ಬಂದಿತು. 2010ರ ಜನವರಿಯಲ್ಲಿ ಜಪಾನ್ ಏರ್‌ಲೈನ್ಸ್ ಎಂಬ ವಿಮಾನ ಕಂಪೆನಿಯು ದಿವಾಳಿಯಾಯಿತು. ಸರ್ಕಾರದ ಕೋರಿಕೆಯಂತೆ, 78 ವರ್ಷದ ಇನಾಮೋರಿಯವರು ಸಂಬಳವಿಲ್ಲದೆ ಅದರ ಅಧ್ಯಕ್ಷಪದವಿಯನ್ನು ವಹಿಸಿದರು. ಕೆಲಸಗಾರರ ಕ್ಷೇಮವೇ ಉದ್ದೇಶವೆಂದು ಅಲ್ಲಿಯೂ ಸಾರಿದರು. 2012ರ ಸೆಪ್ಟೆಂಬರಿನಲ್ಲಿ ಆ ಕಂಪೆನಿಯು ಪುನಃ ಷೇರುಪೇಟೆಯನ್ನು ಪ್ರವೇಶಿಸಿತು. ಆದರೆ ಆ ಪುನರುದ್ಧಾರದಲ್ಲಿ ಸುಮಾರು 16,000 ಮಂದಿಯ ಉದ್ಯೋಗಗಳು ಹೋದುವು. 2010ರ ಕೊನೆಯ ದಿನ 165 ಮಂದಿ ವಿಮಾನ ಚಾಲಕರೂ ಪರಿಚಾರಕರೂ ತಮ್ಮ ಇಚ್ಛೆಗೆ ವಿರುದ್ಧವಾಗಿ ವಜಾ ಆದರು. ಅವರಲ್ಲಿ ಬಹುಮಂದಿ ನ್ಯಾಯಾಲಯದ ಮೆಟ್ಟಿಲು ಹತ್ತಿಯೂ ಗೆಲ್ಲಲಿಲ್ಲ.

ಮಹಾಪುರುಷರನ್ನು ಹೊಗಳುವಾಗ ಇಂತಹ ಸಂಗತಿಯನ್ನು ಮರೆಮಾಡುವುದು ವಾಡಿಕೆ. ನಾನು ಹಾಗೆ ಮಾಡಲಾರೆ. ದೊಡ್ಡ ಹಿತವು ಕೆಲವೊಮ್ಮೆ ನಿರ್ದಯೆಯಂತೆ ತೋರುವುದೆಂಬುದು ಅವರ ನಂಬಿಕೆಯಾಗಿತ್ತು. ಅದು ನಿಜವಿದ್ದೀತು; ಉಳಿದ ಸುಮಾರು 32,000 ಮಂದಿಗೆ ಅನ್ನವು ಉಳಿಯಿತು. ಆದರೂ ಹೊರಟುಹೋದವರ ಮನೆಯ ಒಲೆಯು ಆ ನಂಬಿಕೆಯಿಂದ ಉರಿಯಲಿಲ್ಲ. ಎಲ್ಲರ ಕ್ಷೇಮವೆಂದು ಒಮ್ಮೆ ನುಡಿದವನಿಗೆ, ಎಲ್ಲರನ್ನೂ ಕಾಯಲಾಗದ ದಿನವೂ ಆ ನುಡಿಯ ಭಾರವು ತಪ್ಪುವುದಿಲ್ಲ.

ಇನಾಮೋರಿಯವರು 2022ರ ಆಗಸ್ಟಿನಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ಕಾಲವಾದರು. ತಮ್ಮಲ್ಲಿ ಅಂಗಡಿಯನ್ನಾಗಲಿ, ಗಿರಣಿಯನ್ನಾಗಲಿ, ಹೊಲವನ್ನಾಗಲಿ ನಡೆಸತಕ್ಕವರು ಅನೇಕರಿರುವಿರಿ. ತಮ್ಮ ಕೈಕೆಳಗೆ ದುಡಿಯುವವರು ನಾಳಿನ ಗತಿಯೇನೆಂದು ಕೇಳಿದಾಗ, ಸಿಟ್ಟಾಗದೆ, ಆ ತರುಣನು ಕುಳಿತಂತೆ ಅವರೆದುರಿಗೆ ಮೂರು ದಿನ ಕುಳಿತುಕೊಳ್ಳುವ ಸಹನೆಯು ನಮಗೆಲ್ಲ ಬರಲೆಂದು ಪ್ರಾರ್ಥಿಸುತ್ತೇನೆ.